ಗುಳೆ ಹೋದವರ ಮನೆಗೆ ಬೀಗ, ನಮ್ಮ ಪಟ್ಟಿಯಲ್ಲಿ ಬದಲಿ ಮನೆ

ವಲಸೆಯ ಅಂಕಿ-ಅಂಶಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಬಂದಿವೆ. ಜಾಸ್ತಿ ವಾಟ್ಸ್‌ಆ್ಯಪ್‌ನಲ್ಲಿ, ಕೆಲವು ಅಂಚೆಯಲ್ಲಿ. ಉತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಫೀಲ್ಡ್ ಕೆಲಸ ಮಾಡಿ ನಿವೃತ್ತಳಾದವಳು. ಕಲಬುರಗಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಷೆಡ್ಯೂಲ್, ಅಂದರೆ ಪ್ರಶ್ನೆಗಳ ಹಾಳೆ, ಹಿಡಿದು ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು ನನ್ನ ಉದ್ಯೋಗವಾಗಿತ್ತು. ದಿಲ್ಲಿಯಲ್ಲಿ ಕೂತು ಅಂಕಿ ಕೂಡಿಸುವವರು ಬೇರೆ. ನಾನು ಬಾಗಿಲ ಹತ್ತಿರ ನಿಂತು ಬರೆದುಕೊಂಡವಳು. ಉತ್ತರಗಳೂ ಅಲ್ಲಿಂದಲೇ ಬರುತ್ತವೆ.

ಪ್ರಶ್ನೆ: ಭಾರತದಲ್ಲಿ 45 ಕೋಟಿ ವಲಸಿಗರಿದ್ದಾರೆ ಅಂತ ನಮ್ಮ ಪಠ್ಯದಲ್ಲಿದೆ. ಪತ್ರಿಕೆಯಲ್ಲಿ 40 ಕೋಟಿ ಅಂತ ಓದಿದೆ. ಇನ್ನೊಂದು ಕಡೆ 5 ಕೋಟಿ. ಪರೀಕ್ಷೆಯಲ್ಲಿ ಯಾವುದು ಬರೆಯಲಿ? (ಎಂ.ಎ. ವಿದ್ಯಾರ್ಥಿ, ಧಾರವಾಡ)

ಮೂರನ್ನೂ ಬರೆಯಿರಿ. ಆದರೆ ಪ್ರತಿಯೊಂದರ ಪಕ್ಕದಲ್ಲಿ ಯಾವ ಪ್ರಶ್ನೆ ಕೇಳಿ ಆ ಅಂಕಿ ಸಿಕ್ಕಿತು ಅಂತಲೂ ಬರೆಯಿರಿ. ಇಲ್ಲದಿದ್ದರೆ ಅವು ಒಂದಕ್ಕೊಂದು ಜಗಳ ಆಡುತ್ತವೆ.

45 ಕೋಟಿ 2011ರ ಜನಗಣತಿಯದು. ಅಲ್ಲಿ ಕೇಳಿದ್ದು ಇಷ್ಟೇ: ಇಲ್ಲಿಗೆ ಬರುವ ಮೊದಲು ನೀವು ಎಲ್ಲಿ ವಾಸವಿದ್ದಿರಿ? ಬೇರೆ ಊರು ಅಂದರೆ ವಲಸೆಯ ಲೆಕ್ಕಕ್ಕೆ ಸೇರಿದಿರಿ. ಬಂದು ಎಷ್ಟು ವರ್ಷವಾದರೂ ಸರಿ. ನವಲಗುಂದದಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದು ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವ ಅಜ್ಜಿ ಕೂಡ ವಲಸಿಗರೇ. ಆ 45 ಕೋಟಿಯಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಒಟ್ಟು ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಹೇಳಿದ ಕಾರಣ ಮದುವೆ. ಕೆಲಸಕ್ಕಾಗಿ ಬಂದೆವು ಅಂದವರು ಹತ್ತರಲ್ಲಿ ಒಬ್ಬರು ಮಾತ್ರ. ಮತ್ತೆ, ಹತ್ತರಲ್ಲಿ ಆರು ಜನ ತಮ್ಮ ಜಿಲ್ಲೆಯ ಗಡಿಯನ್ನೇ ದಾಟಿಲ್ಲ. ರಾಜ್ಯದ ಗಡಿ ದಾಟಿದವರು ಸುಮಾರು 5.4 ಕೋಟಿ. ನೀವು ಓದಿದ 5 ಕೋಟಿ ಅದು.

ಅಂದರೆ ಟೀವಿಯಲ್ಲಿ ‘45 ಕೋಟಿ ವಲಸಿಗರು’ ಅಂತ ಹೇಳಿ, ಹಿಂದೆ ತಲೆ ಮೇಲೆ ಗಂಟು ಹೊತ್ತು ರೈಲಿನಿಂದ ಇಳಿಯುವ ಕೂಲಿಗಳ ಚಿತ್ರ ತೋರಿಸಿದರೆ ನನಗೆ ನಗು ಬರುತ್ತದೆ. ಅಲ್ಲಿ ತೋರಿಸಬೇಕಾದ್ದು ಮದುವೆ ಮನೆ.

ಇನ್ನು 40 ಕೋಟಿ. 2024ರ ಡಿಸೆಂಬರಿನಲ್ಲಿ ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯಿಂದ ಒಂದು ಪ್ರಬಂಧ ಬಂತು. ಬಿಬೇಕ್ ದೇಬ್‌ರಾಯ್ ಮತ್ತು ದೇವಿ ಪ್ರಸಾದ್ ಮಿಶ್ರಾ ಬರೆದದ್ದು. 2023ರಲ್ಲಿ ವಲಸಿಗರು 40.20 ಕೋಟಿಗೆ ಇಳಿದಿದ್ದಾರೆ, ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡ 37.64ರಿಂದ 28.88ಕ್ಕೆ ಬಂದಿದೆ ಅಂತ ಅದರ ಅಂದಾಜು. ನೆನಪಿಡಿ, ಇದು ಅಂದಾಜು, ಎಣಿಕೆ ಅಲ್ಲ. ರೈಲಿನ ಕಾಯ್ದಿರಿಸದ ಟಿಕೆಟ್, ಮೊಬೈಲ್ ರೋಮಿಂಗ್ ಇಂಥವುಗಳಿಂದ ತೆಗೆದದ್ದು. ಜಾಣತನದ ದಾರಿಯೇ. ಎಣಿಕೆ ನಡೆಯದೆ ಇದ್ದಾಗ ಇನ್ನೇನು ಮಾಡುತ್ತಾರೆ? ಆದರೆ ನಮ್ಮ ಕಡೆ ಗುಳೆ ಹೋಗುವವರಲ್ಲಿ ಅರೆಪಾಲು ಜನ ರೈಲೇ ಹತ್ತುವುದಿಲ್ಲ. ಸರ್ಕಾರಿ ಬಸ್ಸು, ಇಲ್ಲವೇ ಮೇಸ್ತ್ರಿ ಕಳಿಸಿದ ಗಾಡಿ. ಅವರ ಹೋಗುಬರುವು ರೈಲ್ವೆ ಕೌಂಟರಿನಲ್ಲಿ ಕಾಣುವುದಿಲ್ಲ.

2020-21ರ ಕಾರ್ಮಿಕ ಬಲ ಸಮೀಕ್ಷೆಯೂ ಶೇಕಡ 28.9 ಅನ್ನುತ್ತದೆ. ಹೆಂಗಸರಲ್ಲಿ 47.9, ಗಂಡಸರಲ್ಲಿ 10.7. ಎರಡೂ 28ರ ಮೇಲೆಯೇ ಇವೆಯಲ್ಲ ಅಂತ ಖುಷಿಪಡಬೇಡಿ. ಬೇರೆ ಬೇರೆ ದಾರಿಯಿಂದ ಬಂದು ಅಕ್ಕಪಕ್ಕ ನಿಂತಿವೆ, ಅಷ್ಟೆ. ಸಮೀಕ್ಷೆಯವರು ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಬೇರೆ ಊರಲ್ಲಿ ನೆಲೆಸಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಜೊತೆಗೆ ಅದು ಕೊರೊನಾ ವರ್ಷ.

ಇನ್ನೊಂದು ಮಾತು. ಇವೆಲ್ಲ ಕೆರೆಯಲ್ಲಿ ಈಗ ಎಷ್ಟು ನೀರು ನಿಂತಿದೆ ಅನ್ನುವ ಲೆಕ್ಕ. ಈ ವರ್ಷ ಎಷ್ಟು ಹರಿದು ಬಂತು ಅನ್ನುವುದು ಬೇರೆ. 2016-17ರ ಆರ್ಥಿಕ ಸಮೀಕ್ಷೆ ರೈಲು ಪ್ರಯಾಣದ ಲೆಕ್ಕ ಹಿಡಿದು ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾರೆ ಅಂದಿತ್ತು. ಅದನ್ನು 45 ಕೋಟಿಯ ಪಕ್ಕ ಇಟ್ಟು ಹೋಲಿಸಿದರೆ ನಿಮ್ಮ ಮೇಷ್ಟ್ರು ಕೆಂಪು ಗೆರೆ ಎಳೆಯುವುದು ಸರಿಯೇ.

ಪ್ರಶ್ನೆ: ನಾನು ದೇವದುರ್ಗ ತಾಲೂಕಿನ ತಾಂಡಾ ಶಾಲೆಯಲ್ಲಿ ಟೀಚರ್. ದೀಪಾವಳಿ ಮುಗಿದರೆ ಅರ್ಧ ಮಕ್ಕಳು ಇರುವುದಿಲ್ಲ. ಯುಗಾದಿಗೆ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಬೆಂಚಿನಲ್ಲಿ ಮಗು ಇಲ್ಲ. ಇದು ನಿಮ್ಮ ಯಾವ ಅಂಕಿ-ಅಂಶದಲ್ಲಿದೆ, ಮೇಡಂ?

ಟೀಚರ್, ಬಂದ ಪತ್ರಗಳಲ್ಲಿ ನಿಮ್ಮದನ್ನೇ ನಾನು ಮತ್ತೆ ಮತ್ತೆ ಓದಿದ್ದು. ಉತ್ತರ: ಬಹುಪಾಲು ಎಲ್ಲೂ ಇಲ್ಲ. ಯಾಕಿಲ್ಲ ಅಂತ ಹೇಳುತ್ತೇನೆ.

ಜನಗಣತಿ ನಡೆಯುವುದು ಫೆಬ್ರುವರಿಯಲ್ಲಿ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ನಡೆಯಿತು. ಕಬ್ಬು ಕಡಿಯುವ ಹಂಗಾಮು, ಮೆಣಸಿನಕಾಯಿ ಬಿಡಿಸುವ ಹಂಗಾಮು, ಬೆಂಗಳೂರು-ಪುಣೆಯಲ್ಲಿ ಕಟ್ಟಡ ಕೆಲಸ ಜೋರಾಗಿರುವ ಕಾಲ. ನಿಮ್ಮ ತಾಂಡಾದ ಜನ ಆಗ ಊರಲ್ಲಿರುವುದಿಲ್ಲ. ಗಣತಿಯವರು ಬಂದಾಗ ಮನೆಯಲ್ಲಿರುವುದು ಮುದುಕರು. ‘ಎಷ್ಟು ಮಂದಿ?’ ಅಂದರೆ ಎಲ್ಲರ ಹೆಸರನ್ನೂ ಹೇಳುತ್ತಾರೆ. ಹೇಳದಿದ್ದರೆ ರೇಷನ್ ಕಾರ್ಡಿನಿಂದ ಹೆಸರು ಹೋದೀತು ಅನ್ನುವ ಹೆದರಿಕೆ. ಅಲ್ಲಿ ಪುಣೆಯ ಸೈಟಿನಲ್ಲಿ ಶೆಡ್ಡಿಗೆ ಗಣತಿಯವರು ಬಂದರೂ ಬಂದರು, ಬರದಿದ್ದರೂ ಇಲ್ಲ. ಹೀಗಾಗಿ ಕಾಗದದ ಮೇಲೆ ಅವರು ಊರು ಬಿಟ್ಟೇ ಇಲ್ಲ.

ಮಾದರಿ ಸಮೀಕ್ಷೆ ಇದನ್ನು ಹಿಡಿಯಲು ಒಂದು ಪ್ರಯತ್ನ ಮಾಡಿತು. 2007-08ರ 64ನೇ ಸುತ್ತು. ಕಳೆದ ಒಂದು ವರ್ಷದಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗಿಂತ ಕಡಿಮೆ ಇಲ್ಲದಂತೆ, ಆರು ತಿಂಗಳ ಒಳಗೆ ಹೊರಗಿದ್ದವರು ಯಾರು ಅಂತ ಕೇಳಿತು. ದೇಶಕ್ಕೆಲ್ಲ ಸುಮಾರು 1.36 ಕೋಟಿ ಅಂತ ಬಂತು. ಇಷ್ಟೇನಾ ಅಂತ ತಿಳಿದವರು ಆಗಲೇ ಹುಬ್ಬೇರಿಸಿದ್ದರು.

ಅದು ಯಾಕೆ ಕಡಿಮೆ ಬಂತು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಕಾರಣವಿದೆ. ನಮಗೆ ಪಟ್ಟಿಯಲ್ಲಿ ಆರಿಸಿದ ಮನೆ ಕೊಡುತ್ತಾರೆ. ಹೋದಾಗ ಬೀಗ ಹಾಕಿದ್ದರೆ ಮತ್ತೆ ಹೋಗಬೇಕು. ಆಗಲೂ ಬೀಗವಿದ್ದರೆ ಬದಲಿ ಮನೆ ತೆಗೆದುಕೊಳ್ಳಬಹುದು. ನಿಯಮವೇ ಹಾಗಿದೆ. ಸಮೀಕ್ಷೆ ನಿಲ್ಲಬಾರದಲ್ಲ. ಆದರೆ ಯೋಚಿಸಿ, ಬೀಗ ಯಾರ ಮನೆಗೆ? ಗಂಡ, ಹೆಂಡತಿ, ಮಕ್ಕಳು, ಮೇಕೆ ಎಲ್ಲ ಕಟ್ಟಿಕೊಂಡು ಹೋದವರ ಮನೆಗೆ. ಬಾಗಿಲು ತೆಗೆದಿರುವ ಪಕ್ಕದ ಮನೆ ಯಾರದು? ಹೋಗುವ ಅಗತ್ಯ ಇಲ್ಲದವರದು. ನಾವು ಹುಡುಕಲು ಹೊರಟವರನ್ನೇ ಬಿಟ್ಟು, ಅವರ ಜಾಗದಲ್ಲಿ ಊರಲ್ಲೇ ಉಳಿದವರನ್ನು ಕೂರಿಸಿಕೊಂಡು ಬರುತ್ತಿದ್ದೆವು.

ಲಾಕ್‌ಡೌನ್ ಹೊತ್ತಿನಲ್ಲಿ ಇದರ ಬೆಲೆ ಗೊತ್ತಾಯಿತು. ಹೆದ್ದಾರಿಯಲ್ಲಿ ಜನ ನಡೆಯುತ್ತಿದ್ದರು, ಎಷ್ಟು ಮಂದಿಗೆ ಅಕ್ಕಿ ಬೇಕು ಅನ್ನುವುದಕ್ಕೆ ಯಾರ ಹತ್ತಿರವೂ ಪಟ್ಟಿ ಇರಲಿಲ್ಲ. ಆಮೇಲೆ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ 1.04 ಕೋಟಿಗಿಂತ ಜಾಸ್ತಿ ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದರು ಅಂತ ಹೇಳಿತು. ದಾರಿಯಲ್ಲಿ ಸತ್ತವರ ಲೆಕ್ಕ ಮಾತ್ರ ಇಲ್ಲ ಅಂದಿತು.

ಉದ್ಯೋಗ ಖಾತರಿ ಇದೆಯಲ್ಲ, ಯಾಕೆ ಹೋಗುತ್ತಾರೆ ಅಂತ ಊರ ಸಾಹುಕಾರರು ನನ್ನನ್ನು ಕೇಳುತ್ತಿದ್ದರು. 2024-25ರಲ್ಲಿ ಕರ್ನಾಟಕದಲ್ಲಿ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಕೂಲಿ ಎಷ್ಟು ಅನ್ನುವುದಕ್ಕಿಂತ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದು ಮುಖ್ಯ. ಮೇಸ್ತ್ರಿ ದಸರಾ ಹೊತ್ತಿಗೆ ಒಂದೇ ಸಲ ಮುಂಗಡ ಕೊಡುತ್ತಾನೆ. ಅದರಲ್ಲಿ ಮದುವೆ ಸಾಲ ತೀರುತ್ತದೆ, ಆಸ್ಪತ್ರೆ ಬಿಲ್ಲು ಕಟ್ಟಬಹುದು. ಖಾತರಿ ದುಡ್ಡು ಕೆಲಸ ಮಾಡಿದ ಮೇಲೆ, ಅದೂ ತಡವಾಗಿ, ಚೂರು ಚೂರಾಗಿ ಬರುತ್ತದೆ. ಮುಂಗಡ ತಗೊಂಡ ಮೇಲೆ ಗಂಡ-ಹೆಂಡತಿ ಇಬ್ಬರೂ ದುಡಿದು ತೀರಿಸಬೇಕು. ಆಗ ಮಗುವನ್ನು ಯಾರ ಹತ್ತಿರ ಬಿಡುವುದು?

ನೀವು ಮಾಡಬಹುದಾದ್ದು ಇದೆ. ಒಂದು ನೋಟ್‌ಬುಕ್ ಇಡಿ. ಯಾವ ಮನೆ, ಯಾರು ಹೋದರು, ಯಾವ ತಿಂಗಳು, ಯಾವ ಊರಿಗೆ, ಯಾವ ತರಗತಿಯ ಎಷ್ಟು ಮಕ್ಕಳು ಜೊತೆಗೆ ಹೋದರು, ಯಾವಾಗ ಬಂದರು. ಇಷ್ಟೇ ಸಾಕು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹಂಗಾಮಿನ ಹಾಸ್ಟೆಲ್‌ಗೆ ಅವಕಾಶವಿದೆ. ಅಜ್ಜಿ ಹತ್ತಿರ ಬಿಡಲಾಗದ ಮಕ್ಕಳು ಆರು ತಿಂಗಳು ಅಲ್ಲಿದ್ದು ಓದಬಹುದು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ‘ಮಕ್ಕಳು ಹೋಗುತ್ತಾರೆ ಸರ್’ ಅಂದರೆ ಕೇಳಿಸಿಕೊಂಡು ಬಿಡುತ್ತಾರೆ. ಹೆಸರು, ತರಗತಿ ಸಮೇತ ಪಟ್ಟಿ ಇಟ್ಟರೆ ಟಪಾಲಿಗೆ ನಂಬರ್ ಹಾಕಲೇಬೇಕು. ಅದೇ ಪಟ್ಟಿಯನ್ನು ಗ್ರಾಮಸಭೆಯಲ್ಲೂ ಓದಿ. ಹೋದ ಊರಲ್ಲಿ ಟಿ.ಸಿ. ಇಲ್ಲ ಅಂತ ಶಾಲೆಗೆ ಸೇರಿಸದಿದ್ದರೆ, ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲಿ ಆ ನೆಪಕ್ಕೆ ಜಾಗವಿಲ್ಲ ಅಂತ ತಂದೆ-ತಾಯಿಗೆ ಮೊದಲೇ ಹೇಳಿ ಕಳಿಸಿ.

ಪ್ರಶ್ನೆ: ನಾನು ಮಾಗಡಿ ಕಡೆಯವನು. ಬೆಂಗಳೂರಲ್ಲಿ ಗಾರೆ ಕೆಲಸ. ಬಿಹಾರ, ಒಡಿಶಾ, ಬಂಗಾಳದವರು ಬಂದ ಮೇಲೆ ನಮಗೆ ಕೂಲಿ ಏರುತ್ತಿಲ್ಲ. ಓದಿದವರು ಇದು ಸುಳ್ಳು ಅನ್ನುತ್ತಾರೆ. ನಿಜ ಹೇಳಿ.

ಓದಿದವರಲ್ಲೇ ಒಮ್ಮತವಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಎಲ್ಲರೂ ಎತ್ತುವ ಉದಾಹರಣೆ ಅಮೆರಿಕದ್ದು. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಕೆಲವೇ ತಿಂಗಳಲ್ಲಿ ಸುಮಾರು 1.25 ಲಕ್ಷ ಜನ ದೋಣಿಯಲ್ಲಿ ಫ್ಲಾರಿಡಾಕ್ಕೆ ಬಂದರು. ಮಯಾಮಿ ನಗರದ ದುಡಿಯುವ ಜನ ಒಮ್ಮೆಗೇ ಶೇಕಡ 7ರಷ್ಟು ಹೆಚ್ಚಾದರು. ಕೂಲಿ ಬಿದ್ದುಹೋಗಬೇಕಿತ್ತು, ಅಲ್ವಾ? ಡೇವಿಡ್ ಕಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞರು 1990ರಲ್ಲಿ ಲೆಕ್ಕ ಹಾಕಿ, ಅಂಥದ್ದೇನೂ ಆಗಲಿಲ್ಲ ಅಂದರು. ಬಂದವರೂ ಉಣ್ಣುತ್ತಾರೆ, ಬಾಡಿಗೆ ಕೊಡುತ್ತಾರೆ, ಬಟ್ಟೆ ಕೊಳ್ಳುತ್ತಾರೆ, ಅದರಿಂದ ಹೊಸ ಕೆಲಸವೂ ಹುಟ್ಟುತ್ತದೆ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆದರೆ ಜಾರ್ಜ್ ಬೋರ್ಹಾಸ್ ಅನ್ನುವವರು ಅದೇ ಮಯಾಮಿಯ ಅಂಕಿಗಳನ್ನು ಮತ್ತೆ ತೆಗೆದು, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಚೆನ್ನಾಗಿಯೇ ಬಿದ್ದಿದೆ ಅಂದರು. ಆ ಗುಂಪಿನಲ್ಲಿ ಸಮೀಕ್ಷೆಗೆ ಸಿಕ್ಕವರು ತೀರಾ ಕಡಿಮೆ ಮಂದಿ, ಅದನ್ನು ನಂಬಲಾಗದು ಅಂತ ಬೇರೆಯವರು. ಜಗಳ ಇನ್ನೂ ನಡೆದಿದೆ.

ನಿಮ್ಮ ವಿಷಯಕ್ಕೆ ಬಂದರೆ, ಇಡೀ ಬೆಂಗಳೂರಿನ ಸರಾಸರಿ ನೋಡಿದರೆ ನಷ್ಟ ಕಾಣುವುದಿಲ್ಲ. 2001ರಿಂದ 2011ರ ಒಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅಷ್ಟು ಜನರಿಗೆ ಮನೆ ಕಟ್ಟಿದವರಲ್ಲಿ ನೀವೂ ಒಬ್ಬರು. ಜನ ಬಂದಿದ್ದರಿಂದಲೇ ನಿಮಗೆ ಕೆಲಸ ಹೆಚ್ಚಿತು. ಆದರೆ ನೀವು ಸರಾಸರಿ ಅಲ್ಲ. ಹೊಸದಾಗಿ ಬಂದವನು ಮಾಡುವ ಕೆಲಸವನ್ನೇ ಮಾಡುವವರಿಗೆ ಪೆಟ್ಟು ಬೀಳಬಹುದು. ಆದ್ದರಿಂದ ನಿಮ್ಮ ದೂರನ್ನು ಸುಳ್ಳು ಅನ್ನಲು ನಾನು ತಯಾರಿಲ್ಲ.

ಕಂಟ್ರಾಕ್ಟರಿಗೆ ದೂರದವನು ಯಾಕೆ ಬೇಕು ಅಂತ ಮಾತ್ರ ನೋಡಿ. ಅವನು ಸೈಟಿನ ಶೆಡ್ಡಿನಲ್ಲೇ ಮಲಗುತ್ತಾನೆ. ಹಬ್ಬಕ್ಕೆ, ಹೊಲದ ಕೆಲಸಕ್ಕೆ ಅಂತ ಮಾಗಡಿಗೆ ಹೋಗುವ ಹಾಗೆ ಹೋಗಲಾರ. ರಾತ್ರಿ ಕಾಂಕ್ರೀಟ್ ಹಾಕಬೇಕು ಅಂದರೆ ಎದ್ದು ಬರುತ್ತಾನೆ. ಓವರ್‌ಟೈಮ್ ಕೇಳಲು ಭಾಷೆಯಿಲ್ಲ, ಕೇಳಿಸುವವರಿಲ್ಲ. ಅವನ ಈ ಸ್ಥಿತಿಯೇ ನಿಮ್ಮ ಕೂಲಿಯನ್ನು ಕೆಳಗೆ ಎಳೆಯುತ್ತಿರುವುದು. ಹೊರರಾಜ್ಯದವನಿಗೂ ಅದೇ ಕೆಲಸ ಮಾಡುವ ಸ್ಥಳೀಯನಷ್ಟೇ ಕೂಲಿ ಕೊಡಬೇಕು ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಕಾಗದದಲ್ಲಿತ್ತು, ಸೈಟಿನಲ್ಲಿ ಇರಲಿಲ್ಲ. 2025ರ ನವೆಂಬರಿನಿಂದ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ.

2020ರ ಮೇ ತಿಂಗಳು ನಿಮಗೆ ನೆನಪಿರಬೇಕು. ಬಿಲ್ಡರುಗಳ ಜೊತೆ ಸಭೆಯಾದ ಮೇಲೆ ನಮ್ಮ ರಾಜ್ಯ ಸರ್ಕಾರ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ ರೈಲು ಬೇಡ ಅಂತ ರೈಲ್ವೆಗೆ ಬರೆಯಿತು. ಗಲಾಟೆಯಾದ ಮೇಲೆ ಮಾತು ಬದಲಿಸಿತು. ಕೆಲಸದವರು ಊರಿಗೆ ಹೋದರೆ ಯಾರಿಗೆ ನಷ್ಟ ಅನ್ನುವುದು ಆ ವಾರ ಎಲ್ಲರಿಗೂ ಕಂಡಿತು.

ನಿಮ್ಮ ಹತ್ತಿರ ಕಾರ್ಮಿಕ ಕಾರ್ಡ್ ಇದೆಯಾ? ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ವಯಸ್ಸು 18ರಿಂದ 60ರ ಒಳಗಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಪಕ್ಕದ ಬಿಹಾರಿ ಹುಡುಗನಿಗೂ ಬರೆಸಿ. ಅವನಿಗೆ ಹಕ್ಕು ಇದ್ದಷ್ಟು ನಿಮಗೇ ಒಳ್ಳೆಯದು.

ಪ್ರಶ್ನೆ: ಬಾಗಲಕೋಟೆಯಿಂದ ಗೋವಾದ ವಾಸ್ಕೋಗೆ ಬಂದು ಬಹಳ ವರ್ಷವಾಯಿತು. ಮಕ್ಕಳು ಕೊಂಕಣಿ ಮಾತಾಡುತ್ತಾರೆ. ಆದರೂ ಚುನಾವಣೆ ಬಂದರೆ ನಾವು ಹೊರಗಿನವರು. ಲೆಕ್ಕದ ಪ್ರಕಾರ ನಾವು ಯಾರು?

ಮಾಗಡಿಯವರ ಪತ್ರದ ಕೆಳಗೇ ನಿಮ್ಮದನ್ನು ಬೇಕೆಂತಲೇ ಹಾಕಿದ್ದೇನೆ. ವಾಸ್ಕೋದಲ್ಲಿ ನಿಮ್ಮ ಬಗ್ಗೆ ಯಾರೋ ಇಂಥದ್ದೇ ಪತ್ರ ಬರೆಯುತ್ತಿರಬಹುದು.

ಲೆಕ್ಕದ ಪ್ರಕಾರ ನೀವು ವಲಸಿಗರು. ಗೋವಾದಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ಅಲ್ಲ. ಒಂದು ಸಂದರ್ಭ ಬಿಟ್ಟು. ನಿಮ್ಮ ಮನೆಯವರು ಮೊದಲ ಹೆರಿಗೆಗೆ ತವರಿಗೆ ಹೋಗಿದ್ದರಾ? ಹಾಗಿದ್ದರೆ ದೊಡ್ಡ ಮಗು ಬಾಗಲಕೋಟೆಯಲ್ಲಿ ಹುಟ್ಟಿ, ಬಾಣಂತನ ಮುಗಿಸಿಕೊಂಡು ತಾಯಿಯ ಜೊತೆ ಗೋವಾಕ್ಕೆ ಬಂದಿದೆ. ಅದು ಅಂತರರಾಜ್ಯ ವಲಸಿಗ! ನಗಬೇಡಿ. ಜನಗಣತಿಯ ಕಾರಣಗಳ ಪಟ್ಟಿಯಲ್ಲಿ ಕೆಲಸ, ವ್ಯಾಪಾರ, ಓದು, ಮದುವೆ, ಮನೆಯವರ ಜೊತೆ ಬಂದದ್ದು ಇವುಗಳ ನಡುವೆ ‘ಹುಟ್ಟಿದ ಮೇಲೆ ಬಂದದ್ದು’ ಅಂತ ಒಂದು ಬೇರೆ ಸಾಲೇ ಇದೆ. ನಮ್ಮ ದೇಶದ ಬಾಣಂತನದ ಪದ್ಧತಿ ನೋಡಿ ಇಟ್ಟದ್ದು.

ಪ್ರಶ್ನೆ: ಸ್ಥಳೀಯರಿಗೇ ಕೆಲಸ ಅಂತ ಕಾನೂನು ಮಾಡಿದರೆ ಮುಗಿಯಿತಲ್ಲ? (ವಿಜಯಪುರ)

2024ರ ಜುಲೈನಲ್ಲಿ ನಮ್ಮ ಸಂಪುಟ ಒಂದು ಮಸೂದೆ ಒಪ್ಪಿತ್ತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ 70. ಉದ್ಯಮದವರು ಗದ್ದಲ ಎಬ್ಬಿಸಿದರು, ಅದನ್ನು ತಡೆಹಿಡಿದರು. ಹರಿಯಾಣದ ಶೇಕಡ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲೇ ರದ್ದು ಮಾಡಿತ್ತು. ನನ್ನ ಕಣ್ಣು ಹೋದದ್ದು ನಮ್ಮ ಮಸೂದೆಯ ‘ಸ್ಥಳೀಯ’ ಯಾರು ಅನ್ನುವ ಸಾಲಿನ ಮೇಲೆ. ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಓದಲು ಬರೆಯಲು ಬರಬೇಕು. ನೀವು ವಿಜಯಪುರದವರು, ನಿಮ್ಮ ಓಣಿಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ ತವರಾಗಿರುವ ಹೆಂಗಸರು ಎಷ್ಟು ಮಂದಿ ಎಣಿಸಿ. ಅವರ ಚೊಚ್ಚಲ ಮಕ್ಕಳು ಎಲ್ಲಿ ಹುಟ್ಟಿದವು?

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮ ತೋಟವಿದೆ. ಕಾಫಿ ಕುಯ್ಲಿಗೆ ಅಸ್ಸಾಮಿನವರು ಬರುತ್ತಾರೆ. ಇವರೆಲ್ಲ ಬಾಂಗ್ಲಾದವರು ಅಂತ ಊರಲ್ಲಿ ಮಾತು. ಎಷ್ಟು ಜನ ಅಂತ ಸರ್ಕಾರದ ಲೆಕ್ಕ ಇದೆಯಾ?

ಜನಗಣತಿ ಎಲ್ಲಿ ಹುಟ್ಟಿದಿರಿ ಅಂತ ಕೇಳುತ್ತದೆ, ಕಾಗದಪತ್ರ ತೋರಿಸಿ ಅನ್ನುವುದಿಲ್ಲ. ಆದ್ದರಿಂದ ‘ಅಕ್ರಮ’ ಎಷ್ಟು ಅನ್ನುವ ಅಂಕಿ ಅದರಲ್ಲಿ ಹುಟ್ಟುವುದೇ ಇಲ್ಲ. ಯಾರಾದರೂ ನಿಮ್ಮ ತಾಲೂಕಿಗೆ ಇಷ್ಟು ಸಾವಿರ ಅಂತ ಖಚಿತವಾಗಿ ಹೇಳಿದರೆ, ಎಣಿಸಿದವರು ಯಾರು ಅಂತ ಕೇಳಿ. ಅಸ್ಸಾಮಿನಲ್ಲಿ ಬಂಗಾಳಿ ಮಾತಾಡುವವರು ತಲೆಮಾರುಗಳಿಂದ ಇದ್ದಾರೆ. ಭಾಷೆ ಕೇಳಿ ದೇಶ ಹೇಳಲಾಗದು. ಕೆಲಸಕ್ಕೆ ಇಟ್ಟುಕೊಂಡವರ ಹೆಸರು, ಊರು, ಗುರುತಿನ ಚೀಟಿ ನೀವೇ ಬರೆದಿಡಿ. ಅವರ ರೇಷನ್ ಕಾರ್ಡ್ ಅಸ್ಸಾಮಿನದಾದರೂ ‘ಒಂದು ದೇಶ ಒಂದು ರೇಷನ್ ಕಾರ್ಡ್’ನಲ್ಲಿ ಇಲ್ಲೇ ಅಕ್ಕಿ ಸಿಗುತ್ತದೆ. 2022ರಿಂದ ಅಸ್ಸಾಂ ಕೂಡ ಅದರಲ್ಲಿದೆ.

ಪ್ರಶ್ನೆ: ಮುಂದಿನ ಜನಗಣತಿಯವರು ಬಂದಾಗ ಏನು ಹೇಳಬೇಕು? ನಾನು, ನನ್ನ ಗಂಡ ಇಬ್ಬರೂ ಯಾದಗಿರಿಯಿಂದ ಬಂದು ಇಲ್ಲಿ ಸೈಟಿನಲ್ಲಿ ದುಡಿಯುತ್ತೇವೆ. (ವೈಟ್‌ಫೀಲ್ಡ್, ಬೆಂಗಳೂರು. ಮಗನ ಕೈಲಿ ಬರೆಸಿದ್ದು)

ಬಹಳ ಒಳ್ಳೆಯ ಪ್ರಶ್ನೆ, ತಂಗಿ. ಈ ಸಲ ಎಣಿಕೆಗೆ ಹಿಡಿದಿರುವ ದಿನ 2027ರ ಮಾರ್ಚ್ 1. ಅಂದರೆ ಮತ್ತೆ ಫೆಬ್ರುವರಿಯಲ್ಲೇ ಬರುತ್ತಾರೆ. ಆ ತಿಂಗಳು ಎಲ್ಲಿ ಇರುತ್ತೀರೋ ಅಲ್ಲೇ ಬರೆಸಿ. ಊರಲ್ಲಿ ಅತ್ತೆ-ಮಾವನಿಗೆ ಫೋನ್ ಮಾಡಿ, ನಮ್ಮ ಹೆಸರು ಅಲ್ಲಿ ಹೇಳಬೇಡಿ, ಇಲ್ಲಿ ಬರೆಸುತ್ತೇವೆ ಅನ್ನಿ. ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ, ಹೆದರಬೇಡಿ. ಶೆಡ್ಡಿಗೆ ಯಾರೂ ಬರದಿದ್ದರೆ ಸೂಪರ್‌ವೈಸರಿಗೆ ಹೇಳಿ ಕರೆಸಿ.

ಯಾಕೆ ಊರು ಬಿಟ್ಟು ಬಂದಿರಿ ಅಂತ ಕೇಳುತ್ತಾರೆ. ನಿಮ್ಮ ಗಂಡ ‘ನಾನು ಕೆಲಸಕ್ಕೆ ಬಂದೆ, ಇವಳು ನನ್ನ ಜೊತೆ ಬಂದಳು’ ಅಂದುಬಿಡುತ್ತಾರೆ. ನಾನು ಕಂಡ ಎಷ್ಟೋ ಮನೆಗಳಲ್ಲಿ ಹೀಗೇ. ಒಳಗೆ ಹೋಗಿ ಹೆಂಗಸನ್ನು ಕೇಳಿದರೆ ಬೆಳಿಗ್ಗೆಯಿಂದ ಇಟ್ಟಿಗೆ ಹೊತ್ತ ಕೈ ತೋರಿಸುತ್ತಿದ್ದಳು. ಕಾಗದದಲ್ಲಿ ಮಾತ್ರ ‘ಮನೆಯವರ ಜೊತೆ ಬಂದದ್ದು’. ಹಾಗಾಗಿಯೇ ಕೆಲಸಕ್ಕೆ ವಲಸೆ ಬಂದ ಹೆಂಗಸರ ಸಂಖ್ಯೆ ನಮ್ಮ ಪಟ್ಟಿಗಳಲ್ಲಿ ಅಷ್ಟು ಸಣ್ಣದು, ಸೈಟಿನಲ್ಲಿ ಕೂಸಿನ ತೊಟ್ಟಿಲಿಗೆ ಜಾಗ ಯಾಕೆ ಅಂತ ಕೇಳುವವರು ಅಷ್ಟು ಜನ. ನೀವೇ ಮುಂದೆ ನಿಂತು ‘ಕೆಲಸಕ್ಕೆ ಬಂದೆ’ ಅಂತ ಬರೆಸಿ. ಹಿಂದೆ ಇದ್ದ ಊರು ಕೇಳಿದಾಗ ಯಾದಗಿರಿ ಅಂತಷ್ಟೇ ಹೇಳಬೇಡಿ, ಹಳ್ಳಿ ಮತ್ತು ತಾಲೂಕು ಹೇಳಿ.

ಅದೆಲ್ಲ ಪಟ್ಟಿಯಾಗಿ ಹೊರಗೆ ಬರಲು ಕಾಲ ಹಿಡಿಯುತ್ತದೆ. 2011ರ ವಲಸೆ ಪಟ್ಟಿಗಳು, ಡಿ-ಸರಣಿ ಅನ್ನುತ್ತಾರೆ, ಬಂದದ್ದು 2019ರಲ್ಲಿ. ಜನಗಣತಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಮಗ ಚೆನ್ನಾಗಿ ಬರೆಯುತ್ತಾನೆ. ಅವನಿಗೆ ಯಾದಗಿರಿ ಜಿಲ್ಲೆಯ ಪಟ್ಟಿ ತೆಗೆದು ನೋಡಲು ಹೇಳಿ, ಏನಾದರೂ ಅರ್ಥವಾಗದಿದ್ದರೆ ನನಗೆ ಬರೆಯಲಿ.